ನೀರು ಬಂದದ್ದು ಹಿಂದಿನಿಂದ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಕೆಳಗಿನಕೇರಿಯ ಮನೆಗಳಲ್ಲಿ ಸಾಮಾನುಗಳು ಅಟ್ಟ ಹತ್ತುತ್ತವೆ. ಅಕ್ಕಿ ಡಬ್ಬ, ಮಕ್ಕಳ ಪುಸ್ತಕ, ರೇಷನ್ ಕಾರ್ಡು, ಮನೆಯ ಕಾಗದಪತ್ರ ಎಲ್ಲವೂ ಪ್ಲಾಸ್ಟಿಕ್ ಚೀಲದೊಳಗೆ ಸೇರಿ ಮೇಲೆ ಹೋಗುತ್ತವೆ. ಫ್ರಿಜ್ಜಿನ ಕೆಳಗೆ ಎರಡೆರಡು ಚಿರೆಕಲ್ಲು ಸೇರಿಕೊಳ್ಳುತ್ತವೆ. ಕಾರವಾರದ ಅಂಚಿನಲ್ಲಿ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಾಳಿ ನದಿ, ನಡುವಿನ ತಗ್ಗಿನಲ್ಲಿ ಕೂತ ಕೇರಿ ಅದು. ನಲವತ್ತೆರಡು ಮನೆ. ಮಳೆ ಜೋರಾದರೆ ಅಂಗಳಕ್ಕೆ ನೀರು ಬರುವುದು ಅಲ್ಲಿಯವರಿಗೆ ರೂಢಿ. ಆದರೆ ಆರು ವರ್ಷಗಳ ಹಿಂದೆ ಒಂದು ಆಗಸ್ಟಿನಲ್ಲಿ ಬಂದ ನೀರು ಅಂಗಳದಲ್ಲಿ ನಿಲ್ಲಲಿಲ್ಲ. ಹೊಸಿಲು ದಾಟಿ ಒಳಗೆ ಬಂದು ಎರಡು ದಿನ ಮನೆಯಲ್ಲೇ ಉಳಿಯಿತು.

ಗುಡ್ಡದ ಬದಿಯ ಕೊನೆಯ ಸಾಲಿನಲ್ಲಿ ರಾಮನಾಥನ ಮನೆ. ಅರ್ಗಾದ ನೌಕಾನೆಲೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಕೇರಿಯಲ್ಲಿ ಯಾರ ಮನೆಯ ಪಂಪು ಕೆಟ್ಟರೂ, ನಲ್ಲಿ ಸೋರಿದರೂ ಮೊದಲು ಅವನನ್ನೇ ಕರೆಯುತ್ತಿದ್ದರು. ಅವನೂ ಇಲ್ಲವೆನ್ನದೆ ಪಾನಾ ಹಿಡಿದು ಹೋಗುತ್ತಿದ್ದ. ಮನೆಯಲ್ಲಿ ಅವನು, ಹೆಂಡತಿ ಗಂಗೂ, ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿರುವ ಕೆಲಸಗಾರರು.

ಫೆಬ್ರವರಿಯ ಒಂದು ಬೆಳಿಗ್ಗೆ ಅಂಗನವಾಡಿಯ ಗಾಯತ್ರಿ ಟೀಚರ್ ರಾಮನಾಥನ ಅಂಗಳಕ್ಕೆ ಬಂದಳು. ಅವಳ ಜೊತೆ ಕೈಯಲ್ಲಿ ಟ್ಯಾಬ್ ಹಿಡಿದ ಒಬ್ಬ ಇಂಜಿನಿಯರ್ ಇದ್ದ.

"ರಾಮನಾಥ ಕಾಕಾ, ಇವ್ರು ಮಂಜುನಾಥ ಅಂತ, ಅಂಕೋಲೆಯವ್ರು. ನಮ್ಮ ಶಹರದ ನೆರೆಯ ಅಧ್ಯಯನ ಮಾಡ್ತಾ ಇದ್ದಾರೆ. ಯಾವ ಮನೆಗೆ ಎಷ್ಟು ನೀರು ಬಂದಿತ್ತು, ಎಲ್ಲಿಂದ ಬಂದಿತ್ತು ಅಂತ ಕೇಳಿ ನಕ್ಷೆ ಮಾಡೂದು."

ರಾಮನಾಥ ಓದುತ್ತಿದ್ದ ಪೇಪರನ್ನು ಮಡಚಲಿಲ್ಲ. "ಬರಕಂಡು ಹೋಗೂದು ನಮ್ಮ ಕೇರಿಗೆ ಹೊಸತಾ ಗಾಯತ್ರಿ? ನೆರೆ ಬಂದ ವರ್ಷ ಮೂರು ಸಲ ಬರಕಂಡು ಹೋದ್ರು. ಫೋಟೋ ತೆಗೆದ್ರು. ನನ್ನ ಹತ್ರ ಸಹಿ ಹಾಕಿಸ್ಕಂಡ್ರು. ಆಮೇಲೆ ಎಂತ ಆಯ್ತು?"

"ಅದು ಪರಿಹಾರಕ್ಕೆ ಬರೆದದ್ದು ಕಾಕಾ, ನೀರು ಬಂದು ಹೋದ ಮೇಲಿನದು. ಇದು ಇನ್ನೊಂದು ಸಲ ಬರೂದರ ಒಳಗೆ ಎಂತ ಮಾಡ್ಬೇಕು ಅಂತ ನೋಡೂದು."

"ಅಧ್ಯಯನಕ್ಕೆ ಹಾಕೂ ದುಡ್ಡಿನಲ್ಲಿ ಒಂದು ಗಟಾರ ಕಟ್ಲಿ, ಸಾಕು."

"ಕಟ್ಟಿದ್ರಲ್ಲ ಒಂದು, ರಸ್ತೆ ಬದಿಗೆ. ಅದ್ರಲ್ಲಿ ನೀರು ಹೋಗ್ತದಾ?"

ರಾಮನಾಥನಿಗೆ ನಗು ಬಂತು. ಆ ಗಟಾರದ ಕತೆ ಕೇರಿಗೆಲ್ಲ ಗೊತ್ತಿತ್ತು. ನೀರು ಹೋಗಬೇಕಾದ ತುದಿಯೇ ಎತ್ತರವಾಗಿ, ವರ್ಷವಿಡೀ ನಿಂತ ನೀರಿನಲ್ಲಿ ಸೊಳ್ಳೆ ಸಾಕುವ ಗಟಾರ ಅದು.

"ಮಟ್ಟ ನೋಡ್ದೆ ಕಟ್ಟಿದ್ದಕ್ಕೇ ಹಾಂಗಾದದ್ದು" ಎಂದಳು ಗಾಯತ್ರಿ. "ನನ್ನ ಅಂಗನವಾಡಿಗೆ ಮೈ ಸುಡ್ತಾ ಒಂದು ಮಗು ಬಂತು ಅಂತ ತಿಳ್ಕಳಿ. ಎಂತ ಜ್ವರ ಅಂತ ಮೊದ್ಲು ನೋಡೂದಾ, ಇಲ್ಲ ಕಪಾಟಿನಲ್ಲಿ ಸಿಕ್ಕಿದ ಗುಳಿಗೆ ಬಾಯಿಗೆ ಹಾಕೂದಾ?"

ಮಂಜುನಾಥ ಮೆಲ್ಲಗೆ ಹೇಳಿದ, "ಸರ್, ನಮ್ಮಂಥ ಸಣ್ಣ ಊರಿನ ನಗರಸಭೆಗೆ ಸ್ವಂತ ದುಡ್ಡಿನಲ್ಲಿ ಈ ಕೆಲಸ ಮಾಡಿಸ್ಲಿಕ್ಕೆ ಆಗೂದಿಲ್ಲ. ಅದಕ್ಕೇ ರಾಜ್ಯ ಸರ್ಕಾರ ಈ ಸಲ ಅಧ್ಯಯನಕ್ಕೆ ಅಂತಲೇ ಅನುದಾನ ಕೊಟ್ಟದೆ. ಮುಂದೆ ಕಾಲುವೆ ಬೇಕು, ತಡೆಗೋಡೆ ಬೇಕು ಅಂತ ಏನೇ ಕೇಳೂದಿದ್ರೂ ಈ ವರದಿ ಇಟ್ಟುಕೊಂಡೇ ಕೇಳ್ಬೇಕು. ವರದಿ ತಪ್ಪಾದ್ರೆ ಮುಂದಿನ ಕೆಲಸವೂ ತಪ್ಪೇ ಆಗ್ತದೆ. ಕಂಪ್ಯೂಟರ್ ಮಳೆಯ ಲೆಕ್ಕ ಹೇಳ್ತದೆ, ನದಿಯ ಲೆಕ್ಕ ಹೇಳ್ತದೆ. ನಿಮ್ಮ ಮನೆಗೆ ನೀರು ಎಲ್ಲಿಂದ ಹೊಕ್ಕಿತು ಅಂತ ನೀವೇ ಹೇಳ್ಬೇಕು."

ರಾಮನಾಥ ಪೇಪರನ್ನು ಕೆಳಗಿಟ್ಟ. ಮನಸ್ಸಿನಲ್ಲಿದ್ದ ಪ್ರಶ್ನೆ ಈಗ ಹೊರಬಿತ್ತು. "ಕಡೆಗೆ ಇದು ನೆರೆ ಬರೂ ಜಾಗ, ಮನೆ ತೆಗಿರಿ ಅಂತ ನೋಟಿಸು ಬಂದ್ರೆ?"

ಗಾಯತ್ರಿ ಚೀಲದಿಂದ ಕಾಗದ ತೆಗೆದು ಬೆರಳಿಟ್ಟು ತೋರಿಸಿದಳು. "ಇಲ್ಲಿ ನೋಡಿ. ಈ ಅಧ್ಯಯನದಲ್ಲಿ ಯಾರನ್ನೂ ಮನೆ ಬಿಡಿಸೂ ಮಾತಿಲ್ಲ. ನಕ್ಷೆ ಆದ ಮೇಲೆ ಮೊದ್ಲು ನಮ್ಮ ಮುಂದೇ ಇಡ್ತರು. ತಪ್ಪಿದ್ರೆ ನಾವು ಹೇಳ್ಬಹುದು, ಬರೆದೂ ಕೊಡ್ಬಹುದು."

ಮಂಜುನಾಥ ಒಂದೊಂದೇ ಪ್ರಶ್ನೆ ಕೇಳಿದ. ನೀರು ಎಷ್ಟು ಎತ್ತರ ಬಂತು? ಮೊಣಕಾಲಿನವರೆಗೆ. ಎಷ್ಟು ಹೊತ್ತಿಗೆ? ಬೆಳಿಗ್ಗೆ ಏಳರ ಸುಮಾರಿಗೆ. ಯಾವ ಕಡೆಯಿಂದ?

"ನದಿಯಿಂದ. ಮತ್ತೆಲ್ಲಿಂದ ಬರ್ಬೇಕು?"

ಒಳಗೆ ಗಂಗೂ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು.

"ನೀರಿನ ಬಣ್ಣ ನೆನಪದೆಯಾ ಸರ್?"

"ನೆರೆ ನೀರಿಗೆ ಎಂತ ಬಣ್ಣ? ಹೊಲಸು ಬಣ್ಣ."

"ಹಿಂದೆ ಒಂದು ಸಲ ನೋಡಿ ಬರ್ಲಾ?"

"ಹಿಂದೆ ಬಾಡಿಗೆಯವ್ರು ಮಲಗಿದಾರೆ. ಈಗಷ್ಟೆ ಪಾಳಿ ಮುಗಿಸಿ ಬಂದದ್ದು."

ಮಂಜುನಾಥ ಅವನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಎದ್ದ. ರಾಮನಾಥ ಸುಳ್ಳು ಹೇಳಿದ್ದ.

ಹನ್ನೆರಡು ವರ್ಷಗಳ ಹಿಂದೆ ಅವನ ಹಿತ್ತಲಿನ ಆಚೆ ಒಂದು ಹಳ್ಳವಿತ್ತು. ಎರಡು ಮಾರು ಅಗಲ. ಬೇಸಿಗೆಯಲ್ಲಿ ಒಣಗಿ ಬರಿಯ ಕಲ್ಲು ಕಾಣುತ್ತಿತ್ತು, ಮಳೆಗಾಲದಲ್ಲಿ ಗುಡ್ಡದ ನೀರನ್ನು ಹೊತ್ತು ಮನೆಗಳ ಹಿಂದಿನಿಂದ ಹರಿದು ನದಿ ಸೇರುತ್ತಿತ್ತು. ಆ ವರ್ಷ ಅರ್ಗಾದಲ್ಲಿ ಕೆಲಸ ಜೋರಾಗಿ, ಹೊರಗಿನಿಂದ ಬಂದ ಕೆಲಸಗಾರರು ಕೋಣೆ ಕೇಳಿಕೊಂಡು ಕೇರಿ ಕೇರಿ ತಿರುಗುತ್ತಿದ್ದರು. ರಾಮನಾಥ ಐದು ಟಿಪ್ಪರ್ ಮಣ್ಣು ತರಿಸಿ ಹಳ್ಳ ತುಂಬಿಸಿದ. ಆ ಜಾಗವನ್ನೂ ಸೇರಿಸಿ ಎರಡು ಕೋಣೆ ಕಟ್ಟಿದ. ಹಿಂದಕ್ಕೆ ಗಟ್ಟಿಯಾದ ಚಿರೆಕಲ್ಲಿನ ಗೋಡೆ ಎಬ್ಬಿಸಿ, ನೀರು ಹೋಗಲೆಂದು ಒಂದು ಪೈಪು ಇಟ್ಟ. ಎರಡನೆಯ ಮಳೆಗಾಲಕ್ಕೆ ಆ ಪೈಪಿನ ಬಾಯಿಗೆ ತೆಂಗಿನಗರಿ ಕಟ್ಟಿಕೊಂಡಿತು. ಯಾರೂ ಕೇಳಲಿಲ್ಲ. ಕೇಳುವಂಥದ್ದು ಏನೂ ಆಗಿರಲಿಲ್ಲ, ಆ ಆಗಸ್ಟಿನವರೆಗೆ.

ಅಂದು ಮೂರು ದಿನದ ಮಳೆ. ನದಿಯೂ ತುಂಬಿ ಹರಿಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದ ರಾಮನಾಥ ಗೋಡೆಯ ಮೇಲಿನಿಂದ ಇಣುಕಿ ನೋಡಿದ. ಆಚೆ ಬದಿಯಲ್ಲಿ ಎದೆಯುದ್ದ ನೀರು. ಗುಡ್ಡದ ಕೆಂಪು ನೀರು. ಮುಂದಿನ ರಸ್ತೆ ಆಗಿನ್ನೂ ಒಣಗಿಯೇ ಇತ್ತು, ನದಿಯ ನೀರು ಅಲ್ಲಿಗೆ ಮುಟ್ಟಿರಲಿಲ್ಲ. ಅವನು ನೋಡುತ್ತಿದ್ದಂತೆಯೇ ಆ ಕೆಂಪು ನೀರು ಗೋಡೆಗೆ ಬಡಿದು, ದಾರಿ ಸಿಗದೆ, ಎಡಕ್ಕೆ ತಿರುಗಿ ಪಕ್ಕದ ಮನೆಯ ನಾಗಿಯ ಹಿತ್ತಲಿಗೆ ನುಗ್ಗಿತು. ಅರ್ಧ ಗಂಟೆಯ ಮೇಲೆ ಮುಂಬಾಗಿಲಿನಿಂದ ನದಿಯ ನೀರು ಬಂತು. ಎರಡೂ ಕೂಡಿದ ಮೇಲೆ ಯಾವುದು ಯಾವುದೆಂದು ಹೇಳುವವರು ಯಾರು? ನದಿ ಉಕ್ಕಿತು ಎಂದು ಊರೆಲ್ಲ ಹೇಳಿತು. ರಾಮನಾಥನೂ ಹಾಗೆಯೇ ಹೇಳಿದ.

ನಾಗಿಯ ಮನೆ ಅವನ ಮನೆಗೆ ತಾಗಿಕೊಂಡು, ಎರಡಡಿ ತಗ್ಗಿನಲ್ಲಿತ್ತು. ಗದ್ದೆಬದಿಯಲ್ಲಿ ಬೆಳೆದ ಹರಿವೆ, ಬಸಳೆ, ಮೂಲಂಗಿಯನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಹೋಗುವ ಹೆಂಗಸು ಅವಳು. ತವರು ಅಂಕೋಲೆಯ ಕಡೆಯ ಅಗಸೂರು. ನೆರೆ ಬಂದ ಬೆಳಿಗ್ಗೆ ಅವಳ ಗಂಡ ಕುಪ್ಪ ಊರಲ್ಲಿರಲಿಲ್ಲ. ಮನೆಯಲ್ಲಿ ನಾಗಿ ಮತ್ತು ಹಾಸಿಗೆ ಹಿಡಿದ ಅತ್ತೆ, ಇಬ್ಬರೇ. ನಾಗಿ ಅತ್ತೆಯನ್ನು ಭತ್ತದ ಪೆಟ್ಟಿಗೆಯ ಮೇಲೆ ಕೂರಿಸಿ, ಸೊಂಟದವರೆಗಿನ ನೀರಿನಲ್ಲಿ ನಿಂತು, ಮಧ್ಯಾಹ್ನ ದೋಣಿ ಬರುವವರೆಗೆ ಹಿಡಿದುಕೊಂಡಿದ್ದಳು. ಮುದುಕಿಗೆ ಅಂದು ಹತ್ತಿದ ಥಂಡಿ ಇಳಿಯಲೇ ಇಲ್ಲ. ಎರಡು ತಿಂಗಳಿಗೆ ತೀರಿಕೊಂಡಳು. ದೋಣಿಯಿಂದ ಮುದುಕಿಯನ್ನು ಎತ್ತಿ ಇಳಿಸಿಕೊಂಡದ್ದು ರಾಮನಾಥನೇ. ಸತ್ತಾಗ ಹೆಗಲು ಕೊಟ್ಟವನೂ ಅವನೇ. ನಾಗಿ ಅಂದಿನಿಂದ ಅವನನ್ನು ಸ್ವಂತ ಅಣ್ಣನಂತೆ ನಡೆಸಿಕೊಳ್ಳುತ್ತಿದ್ದಳು. ಬುಟ್ಟಿಯಲ್ಲಿ ಉಳಿದ ಸೊಪ್ಪನ್ನು ಗಂಗೂ ಬೇಡವೆಂದರೂ ಕೇಳದೆ ಜಗಲಿಯ ಮೇಲಿಟ್ಟು ಹೋಗುತ್ತಿದ್ದಳು.

ಅಧ್ಯಯನದವರು ಬಂದ ಆ ಮಧ್ಯಾಹ್ನ ಬೇಲಿಯಾಚೆ ಗಾಯತ್ರಿಯ ಮಾತು, ನಾಗಿಯ ಉತ್ತರ ಎರಡೂ ರಾಮನಾಥನಿಗೆ ಕೇಳಿಸಿದವು.

"ನಾಗಕ್ಕ, ನೀರು ಮುಂದಿನಿಂದ ಬಂತಾ, ಹಿಂದಿನಿಂದ ಬಂತಾ?"

"ನಂಗೆ ನೋಡ್ಲಿಕ್ಕೆ ಎಲ್ಲಾಯ್ತು ಟೀಚರಮ್ಮ? ಅತ್ತಿಯನ್ನ ಹಿಡ್ಕಂಡು ನಿಂತಿದ್ದೆ. ಎಲ್ರೂ ನದಿ ಅಂತರು. ರಾಮನಾಥಣ್ಣನೂ ಹಾಂಗೇ ಹೇಳ್ತ. ಅಂವ ಹೇಳಿದ್ಮೇಲೆ ನದಿಯೇ ಇರ್ಬೇಕು."

ಊಟಕ್ಕೆ ಕೂತಾಗ ಗಂಗೂ ಬಂಗಡೆಯ ಸಾರು ಬಡಿಸಿ ಎದುರಿಗೇ ಕೂತಳು.

"ನೀರು ಕೆಂಪಗಿತ್ತು" ಎಂದಳು.

ರಾಮನಾಥ ಅನ್ನ ಕಲಸುತ್ತಲೇ ಇದ್ದ.

"ನಾನೂ ಇದ್ದೆ ಅಲ್ಲಿ. ಗೋಡೆ ಹಿಂದಿನಿಂದ ಬಂದು ನಾಗಿ ಒಲೆ ಬದಿಗೆ ಹೋಯ್ತು. ಕೆಂಪು ನೀರು. ನೀವು ನೋಡಿದ್ದೂ ನಂಗೊತ್ತದೆ."

"ಹಳ್ಳದ ಮಾತು ಬಂದ್ರೆ ಕೋಣೆ ಒಡಿತರು, ಗಂಗೂ."

"ಒಡಿತರು ಅಂತ ಯಾರು ಹೇಳಿದ್ರು?"

"ಹೇಳ್ಬೇಕಾ? ಅಲ್ಲದೆ, ನಾನೊಬ್ನೇ ಅಲ್ಲ. ಕೆಳಗೆ ಹೋಗ್ತಾ ನಾಲ್ಕು ಜನ ತುಂಬಿಸಿದ್ದಾರೆ. ಅವ್ರು ಹೇಳ್ಲಿ ಮೊದ್ಲು."

ಗಂಗೂ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಸಂಜೆ ನಾಗಿ ಜಗಲಿಯ ಮೇಲೆ ಇಟ್ಟುಹೋದ ಬಸಳೆಯ ಕಟ್ಟನ್ನು ಒಳಗೆ ತರಲು ಅವಳು ಎದ್ದುಹೋಗಲಿಲ್ಲ. ರಾಮನಾಥನೇ ತರಬೇಕಾಯಿತು.

ಏಪ್ರಿಲ್ ಎರಡನೆಯ ವಾರ ಶಾಲೆಯಲ್ಲಿ ಸಭೆ ಕರೆದರು. ನಕ್ಷೆ ತಯಾರಾಗಿತ್ತು, ಅದನ್ನು ಕೇರಿಯವರ ಮುಂದೆ ಇಡುವ ದಿನ. ಗಾಯತ್ರಿ ಮನೆಮನೆಗೆ ಹೋಗಿ ಕರೆದಿದ್ದಳು. ಸಂಜೆ ಐದಕ್ಕೆ ಶಾಲೆಯ ಕೋಣೆ ತುಂಬಿತು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ನಾಗಿ ಸಂತೆಯಿಂದ ನೇರ ಬಂದು, ಖಾಲಿ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು ಒಳಗೆ ಕೂತಳು.

ಮಂಜುನಾಥ ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ. ಪ್ರತಿಯೊಂದು ಮನೆಯೂ ಅದರಲ್ಲಿತ್ತು. ಜನ ಎದ್ದು ಬಂದು ತಮ್ಮ ತಮ್ಮ ಮನೆ ಹುಡುಕಿದರು. ನದಿಯಿಂದ ಹೊರಟ ನೀಲಿ ಬಾಣಗಳು ರಸ್ತೆ ದಾಟಿ ಕೇರಿಯೊಳಗೆ ಬಂದಿದ್ದವು.

"ನೀವೆಲ್ಲ ಹೇಳಿದ ಪ್ರಕಾರ ನೀರು ಬಂದದ್ದು ನದಿಯ ಕಡೆಯಿಂದ. ಹಾಗಾಗಿ ನಮ್ಮ ಸಲಹೆ ಏನಂದ್ರೆ, ನದಿಬದಿಯ ಈ ರಸ್ತೆಯನ್ನ ಎತ್ತರ ಮಾಡಿ ಉದ್ದಕ್ಕೂ ಗೋಡೆ ಕಟ್ಟೂದು. ರಾಜ್ಯ ಸರ್ಕಾರಕ್ಕೆ ಹೋಗೂ ವರದಿಯಲ್ಲಿ ಇದನ್ನೇ ಬರಿತೇವೆ. ಸರಿ ಅನಿಸ್ತದಾ?"

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಗೋಡೆ ಎಂದರೆ ಕಣ್ಣಿಗೆ ಕಾಣುವಂಥದ್ದು. ಎಲ್ಲರ ಮುಖವೂ ಅರಳಿತು.

ಹಿಂದಿನ ಬೆಂಚಿನಿಂದ ನಾಗಿ ಎದ್ದುನಿಂತಳು. ಅವಳಿಗೆ ಸಭೆಯಲ್ಲಿ ಮಾತಾಡಿ ರೂಢಿಯಿರಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು, "ನಂಗೆ ಓದೂಕೆ ಬರೂದಿಲ್ಲ, ತಪ್ಪಾದ್ರೆ ಬಿಟ್ಟುಬಿಡಿ. ನದಿ ಬದಿಗೆ ಗೋಡೆ ಕಟ್ಟಿದ್ರಿ ಅಂತ ತಿಳ್ಕಳಿ. ಗುಡ್ಡದಿಂದ ಬರೂ ನೀರು ಯಾವ ಬದಿಯಿಂದ ಹೊರಗೆ ಹೋಗೂದು?"

ಮಂಜುನಾಥ ನಕ್ಷೆಯ ಮೇಲೆ ಬೆರಳಿಟ್ಟ. "ಒಳ್ಳೇ ಪ್ರಶ್ನೆ ಅಕ್ಕಾ. ಇಲ್ಲಿ ಮನೆಗಳ ಹಿಂದೆ ಹಳೇ ಹಳ್ಳ ಅದೆ. ಸರ್ವೆ ನಕ್ಷೆಯಲ್ಲಿ ಅದೆ. ಮೇಲಿಂದ ತೆಗೆದ ಚಿತ್ರದಲ್ಲಿ ತೆಂಗಿನಮರ ಮುಚ್ಚಿಬಿಟ್ಟದೆ, ಸರಿ ಕಾಣೂದಿಲ್ಲ. ಆದ್ರೆ ಹಿಂದಿನಿಂದ ನೀರು ಬಂತು ಅಂತ ಒಬ್ಬರೂ ಹೇಳ್ಲಿಲ್ಲ. ಅಂದ್ಮೇಲೆ ಹಳ್ಳ ಚೆನ್ನಾಗಿ ಹರೀತಾ ಅದೆ ಅಂತ ಹಿಡಿದಿದ್ದೇವೆ. ಗುಡ್ಡದ ನೀರು ಅದರಲ್ಲೇ ಹೋಗ್ತದೆ."

ನಾಗಿ ತಲೆಯಾಡಿಸಿ ಕೂತಳು.

ರಾಮನಾಥ ನಕ್ಷೆಯನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಪೈಪು, ಟ್ಯಾಂಕು, ವಾಲ್ವುಗಳ ನಡುವೆ ಬದುಕಿದವನು ಅವನು. ಒಳಗೆ ಬರುವ ದಾರಿಯಿದ್ದು ಹೊರಗೆ ಹೋಗುವ ದಾರಿ ಇಲ್ಲದ ಟ್ಯಾಂಕು ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಆಗಸ್ಟಿನಲ್ಲಿ ನೀರು ಎರಡು ದಿನ ನಿಂತು ಕೊನೆಗೆ ರಸ್ತೆಯ ಮೇಲಿನಿಂದಲೇ ನದಿಗೆ ಇಳಿದುಹೋಗಿತ್ತು. ಗೋಡೆ ಬಂದರೆ ಆ ದಾರಿಯೂ ಮುಚ್ಚುತ್ತದೆ. ಹಿಂದೆ ಅವನ ಗೋಡೆ, ಮುಂದೆ ಸರ್ಕಾರದ ಗೋಡೆ. ನಡುವೆ ನಲವತ್ತೆರಡು ಮನೆ. ಅದೂ ಅವನ ಬಾಯಿಂದ ಬಂದ ಒಂದು ಮಾತನ್ನು ನಂಬಿ ಕಟ್ಟುವ ಗೋಡೆ.

ಪಕ್ಕದಲ್ಲಿ ಕೂತ ಗಂಗೂ ಅವನತ್ತ ತಿರುಗಲಿಲ್ಲ. ಮಂಜುನಾಥ ನಕ್ಷೆ ಸುತ್ತಲು ಕೈಹಾಕಿದ. ರಾಮನಾಥ ಎದ್ದುನಿಂತ.

"ಅದನ್ನ ಸುತ್ತಬೇಡಿ" ಎಂದ. ದನಿ ಅವನಿಗೇ ಬೇರೆಯವರದ್ದೆನಿಸಿತು. "ಆ ಹಳ್ಳ ಇಲ್ಲ."

"ಏನು ಸರ್?"

"ಹಳ್ಳ ಇಲ್ಲ ಅಂದೆ. ನಾನು ತುಂಬಿಸಿದೆ. ಹನ್ನೆರಡು ವರ್ಷ ಆಯ್ತು. ಮೇಲೆ ಕೋಣೆ ಕಟ್ಟಿದ್ದೆ. ಗೋಡೆ ಕಟ್ಟಿದ್ದೆ." ಉಸಿರೆಳೆದುಕೊಂಡ. "ಆ ದಿವಸ ನೀರು ಮೊದ್ಲು ಬಂದದ್ದು ಹಿಂದಿನಿಂದ. ಕೆಂಪು ನೀರು. ನಾನು ನೋಡಿದ್ದೆ. ನನ್ನ ಗೋಡೆಗೆ ಬಡಿದು ನಾಗಿ ಮನೆಗೆ ಹೋಯ್ತು. ನದಿ ನೀರು ಬಂದದ್ದು ಆಮೇಲೆ. ನಿಮ್ಮ ಹತ್ರ ಸುಳ್ಳು ಹೇಳಿದೆ."

ಅವನು ನಾಗಿಯ ಕಡೆ ನೋಡಬೇಕೆಂದುಕೊಂಡ, ಆಗಲಿಲ್ಲ. ನಾಗಿಯೇ ಮಾತಾಡಿದಳು. ಅವನಿಗಲ್ಲ, ಯಾರಿಗೂ ಅಲ್ಲ ಎನ್ನುವ ಹಾಗೆ.

"ಅತ್ತಿ ಹೇಳ್ತಾನೇ ಇದ್ದಳು. ಒಲೆ ಬದಿಯಿಂದ ನೀರು ಬತ್ತಾ ಅದೆ, ಹಿಂದಿನ ಬಾಗ್ಲು ಹಾಕೇ ಅಂತ. ಮುದುಕಿಗೆ ಭ್ರಮೆ ಅಂದ್ಕಂಡು ನಾನು ಮುಂದಿನ ಬಾಗ್ಲಿಗೆ ಗೋಣಿ ತುಂಬ್ತಾ ಕೂತೆ. ಅವಳ ಮಾತೇ ಖರೆ ಆಗಿತ್ತು."

ಅವಳು ಎದ್ದು, ಬುಟ್ಟಿ ತೆಗೆದುಕೊಂಡು ಹೊರಟುಹೋದಳು. ಗಂಗೂ ಹಿಂದೆಯೇ ಹೋದಳು.

ರಾಮನಾಥ ಅಲ್ಲೇ ನಿಂತಿದ್ದ. ಯಾರಾದರೂ ಬೈಯಲಿ ಎಂದು ಕಾದ. ಆದರೆ ಮೂಲೆಯಿಂದ ಒಬ್ಬ, "ಕೆಳಗಿನ ಮೋರಿ ಹತ್ರ ನಾನೂ ಸ್ವಲ್ಪ ತುಂಬಿಸಿದ್ದೆ" ಎಂದ. ಇನ್ನೊಬ್ಬಳು, "ಆ ಮೋರಿಯೊಳಗೆ ಕಸ ಕಟ್ಟಿ ನಾಲ್ಕು ವರ್ಷ ಆಯ್ತು, ನಮ್ಮನೆ ಬದಿಗೆ ಕಾಣ್ತದೆ" ಎಂದಳು. ಒಂದು ಬಾಯಿ ತೆರೆದ ಮೇಲೆ ಒಂದೊಂದೇ ಮಾತು ಹೊರಬಂತು. ಗಾಯತ್ರಿ ಪ್ರತಿಯೊಂದನ್ನೂ ಬರೆದುಕೊಂಡಳು. ಮಂಜುನಾಥ ಕೆಂಪು ಪೆನ್ನು ತೆಗೆದು ನಕ್ಷೆಯ ಮೇಲೆ ಗುಡ್ಡದ ಕಡೆಯಿಂದ ಹೊಸ ಬಾಣ ಎಳೆದ.

ಆಮೇಲೆ ರಾಮನಾಥನ ಕಡೆ ತಿರುಗಿ ಹೇಳಿದ, "ಸರ್, ಈ ಗೋಡೆ ಹಾಗೇ ಕಟ್ಟಿದ್ದಿದ್ರೆ ಮುಂದಿನ ಸಲ ನೀರು ಸೊಂಟಕ್ಕೆ ನಿಲ್ತಾ ಇರ್ಲಿಲ್ಲ, ಇನ್ನೂ ಮೇಲೆ ಏರ್ತಿತ್ತು. ಅನುದಾನ ಒಂದೇ ಸಲ ಬರೂದು. ತಪ್ಪು ವರದಿ ಕಳಿಸಿದ್ಮೇಲೆ ಇನ್ನೊಂದು ಅಧ್ಯಯನ ಯಾರು ಕೊಡ್ತರು?"

"ನನ್ನ ಕೋಣೆ?"

"ಅದನ್ನ ಈಗ್ಲೇ ಹೇಳ್ಲಿಕ್ಕೆ ಬರೂದಿಲ್ಲ. ಅಳತೆ ಮಾಡ್ಬೇಕು. ಸುಳ್ಳು ಧೈರ್ಯ ಹೇಳೂದಿಲ್ಲ ನಾನು."

ಮರುವಾರ ಮಂಜುನಾಥ ಅಳತೆಯ ಸಾಮಾನಿನೊಂದಿಗೆ ಬಂದ. ಗುಡ್ಡದ ಬುಡದಿಂದ ನದಿಯವರೆಗೆ ಹಳ್ಳದ ಹಳೆಯ ದಾರಿ ಹುಡುಕುತ್ತ ನಡೆದರು. ಹಳ್ಳ ಎಲ್ಲಿ ತಿರುಗುತ್ತಿತ್ತು, ಎಲ್ಲಿ ಅಗಲವಿತ್ತು ಎಂದು ತೋರಿಸುವವರು ಬೇಕಿತ್ತು. ರಾಮನಾಥ ಮುಂದೆ ನಡೆದ. ನಾಗಿಯೂ ಬಂದಳು. ಆದರೆ ಅವನೊಂದಿಗಲ್ಲ, ಗಾಯತ್ರಿಯ ಜೊತೆ. ಮದುವೆಯಾಗಿ ಬಂದ ಹೊಸತರಲ್ಲಿ ಬಟ್ಟೆ ಒಗೆದ ಕಲ್ಲು ಎಲ್ಲಿತ್ತೆಂದು ಅವಳು ಮಂಜುನಾಥನಿಗೆ ತೋರಿಸಿದಳು. ಆ ಕಲ್ಲು ಈಗ ಯಾರದೋ ಕಾಂಪೌಂಡಿನ ಅಡಿಪಾಯದಲ್ಲಿತ್ತು. ರಾಮನಾಥನ ಜೊತೆ ಅವಳು ಒಂದು ಮಾತೂ ಆಡಲಿಲ್ಲ. ಜಗಲಿಯ ಮೇಲೆ ಸೊಪ್ಪು ಬರುವುದು ಸಭೆಯ ದಿನದಿಂದಲೇ ನಿಂತಿತ್ತು.

ಅಳತೆ ಮುಗಿಸಿದ ಮಂಜುನಾಥ ಹೇಳಿದ, "ಕೋಣೆ ಪೂರಾ ಒಡಿಬೇಕಾಗಿಲ್ಲ ಸರ್. ಒಂದರ ಅರ್ಧ ಮಾತ್ರ ಹಳ್ಳದ ಮೇಲದೆ. ಆದ್ರೆ ಹಿಂದಿನ ಗೋಡೆ ಇರೂ ಹಾಗಿಲ್ಲ. ವರದಿಯಲ್ಲಿ ಹಾಗೇ ಬರಿತೇನೆ. ಕೆಲಸ ಮಂಜೂರಾಗಿ ಬರ್ಲಿಕ್ಕೆ ಮಾತ್ರ ಸಮಯ ಹಿಡಿತದೆ."

ರಾಮನಾಥ ಮಂಜೂರಾತಿಗೆ ಕಾಯಲಿಲ್ಲ. ಒಂದು ಕೋಣೆಯ ಬಾಡಿಗೆಯವರಿಗೆ ಬೇರೆ ಕಡೆ ಜಾಗ ಹುಡುಕಿಕೊಟ್ಟ. ಮೇ ತಿಂಗಳ ಬಿಸಿಲಿನಲ್ಲಿ ಹಾರೆ, ಸುತ್ತಿಗೆ ಹಿಡಿದು ತಾನು ಕಟ್ಟಿಸಿದ ಗೋಡೆಯನ್ನೂ ಆ ಕೋಣೆಯ ಹಳ್ಳದ ಮೇಲಿನ ಅರ್ಧವನ್ನೂ ತಾನೇ ಬಿಡಿಸಿದ. ಅರವತ್ತಮೂರರ ವಯಸ್ಸಿನಲ್ಲಿ ಅದು ಹಗುರವಾದ ಕೆಲಸವಲ್ಲ. ಮೂರನೆಯ ದಿನ ಕುಪ್ಪ ತನ್ನ ಗುದ್ದಲಿ ತೆಗೆದುಕೊಂಡು ಬೇಲಿ ದಾಟಿ ಬಂದ. ಏನನ್ನೂ ಹೇಳದೆ ಮಣ್ಣು ಅಗೆಯತೊಡಗಿದ. ಕೆಳಗಿನ ಮನೆಯವರು ಮೋರಿಯ ಕಸ ತೆಗೆದರು. ಹಳ್ಳ ಮೊದಲಿನಷ್ಟು ಅಗಲವಾಗಲಿಲ್ಲ. ಒಂದು ಮಾರಿನಷ್ಟು ದಾರಿಯಾಯಿತು.

ಜುಲೈಯಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದಿತು. ಬೆಳಿಗ್ಗೆ ರಾಮನಾಥ ಕೊಡೆ ಹಿಡಿದು ಹಿತ್ತಲಿನಲ್ಲಿ ನಿಂತಿದ್ದ. ಕೆಂಪು ನೀರು ಗುಡ್ಡದಿಂದ ಇಳಿದು ಬಂತು, ಅಗೆದ ದಾರಿಯಲ್ಲಿ ಉಕ್ಕುತ್ತ ಮುಂದೆ ಹೋಯಿತು. ನಾಗಿಯ ಅಂಗಳಕ್ಕೂ ಮೊಣಕಾಲಷ್ಟು ನೀರು ಬಂತು. ಆದರೆ ಹೊಸಿಲು ದಾಟಲಿಲ್ಲ, ಮಧ್ಯಾಹ್ನದೊಳಗೆ ಇಳಿಯಿತು. ಬೇಲಿಯಾಚೆ ನಾಗಿಯೂ ಮಳೆಗೆ ತಲೆಯ ಮೇಲೆ ಎಲೆಯ ಗೊರಬು ಹಾಕಿಕೊಂಡು ನೀರನ್ನೇ ನೋಡುತ್ತಿದ್ದಳು. ಬೇಲಿಯ ಹತ್ತಿರ ಬಂದು ಕೂಗಿ ಹೇಳಿದಳು:

"ಅಣ್ಣಾ, ನೀರು ಹೋಗ್ತಾ ಅದೆ."

ಮೂರು ತಿಂಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ರಾಮನಾಥ ತಲೆಯಾಡಿಸಿದ.

ವರದಿ ಅಕ್ಟೋಬರಿನಲ್ಲಿ ಹೋಯಿತು. ನದಿಬದಿಯ ಗೋಡೆ ಅದರಲ್ಲಿದೆ. ಅದಕ್ಕಿಂತ ಮೊದಲು ಹಳ್ಳವನ್ನು ಗುಡ್ಡದಿಂದ ನದಿಯವರೆಗೆ ತೆರೆಯಬೇಕು, ಮೋರಿ ದೊಡ್ಡದಾಗಬೇಕು ಎಂದೂ ಇದೆ. ಕೆಲಸಕ್ಕೆ ಹಣ ಇನ್ನೂ ಬಂದಿಲ್ಲ. ಗಾಯತ್ರಿ ಮತ್ತು ಕೇರಿಯ ಹೆಂಗಸರು ತಿಂಗಳಿಗೊಮ್ಮೆ ನಗರಸಭೆಗೆ ಹೋಗಿ ಕೇಳಿ ಬರುತ್ತಾರೆ. ನಕ್ಷೆಯ ಒಂದು ಪ್ರತಿ ಅಂಗನವಾಡಿಯ ಗೋಡೆಯ ಮೇಲಿದೆ. ನೀರು ಮೊದಲು ಹೊಗುವ ಮನೆ ಯಾವುದು, ಯಾವ ಮನೆಯಲ್ಲಿ ನಡೆಯಲಾರದ ಹಿರಿಯರಿದ್ದಾರೆ, ಅವರನ್ನು ಯಾರು ಎತ್ತಿಕೊಂಡು ಹೋಗಬೇಕು ಎಂಬುದು ಈಗ ಕೇರಿಯ ಮಕ್ಕಳಿಗೂ ಗೊತ್ತು.

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮೊಡನೆ ಎರಡು ಮಾತು. ನಿಮ್ಮ ಊರಿನ ನೆರೆಯ ಅಧ್ಯಯನಕ್ಕೆ ಸರ್ಕಾರದ ಹಣ ಬಂದಿದೆಯೇ ಎಂದು ನಗರಸಭೆಯಲ್ಲಿ ವಿಚಾರಿಸಿ. ಬಂದಿಲ್ಲವಾದರೆ ಕೇರಿಯವರೆಲ್ಲ ಸಹಿ ಹಾಕಿ ಕೇಳಿ. ಬಂದಿದ್ದರೆ, ಮನೆಗೆ ಬಂದವರನ್ನು ಬಾಗಿಲಿನಿಂದಲೇ ಕಳಿಸಬೇಡಿ. ಹಿತ್ತಲಿಗೂ ಕರೆದುಕೊಂಡು ಹೋಗಿ. ನೀರು ಎಷ್ಟು ಎತ್ತರ ಬಂತು, ಯಾವ ಬದಿಯಿಂದ ಬಂತು, ಯಾವ ಬಣ್ಣದ್ದಿತ್ತು, ಎಷ್ಟು ಹೊತ್ತು ನಿಂತಿತು ಎಂದು ನೋಡಿದ್ದನ್ನು ನೋಡಿದ ಹಾಗೆ ಹೇಳಿ. ಮನೆಯ ಮುದುಕಿಯನ್ನೂ ಕೇಳಿ. ನಿಮಗೆ ಕಾಣದ್ದು ಅವಳಿಗೆ ಕಂಡಿರಬಹುದು. ನಕ್ಷೆ ತೋರಿಸುವ ದಿನ ಕೆಲಸ ಬಿಟ್ಟಾದರೂ ಹೋಗಿ. ನಿಮ್ಮ ಮನೆಯ ಹಿಂದೆ ಮುಚ್ಚಿಹೋದ ಹಳ್ಳವಿದ್ದರೆ, ಅದನ್ನು ಮುಚ್ಚಿದವರು ನೀವೇ ಆಗಿದ್ದರೆ, ಹೇಳಲು ನಾಲಿಗೆ ಏಳುವುದಿಲ್ಲ, ನಿಜ. ಆದರೂ ಹೇಳಿ. ಪಕ್ಕದ ಮನೆಯಲ್ಲಿ ಯಾರೋ ಒಬ್ಬರು ನಿಮ್ಮ ಮಾತನ್ನು ನಂಬಿ ಮಲಗುತ್ತಾರೆ.